ಸಾವಕಾರರ ಗಾಡಿ, ಶಾಸಕರ ಡ್ರೈವರ್

ಸಮೀವುಲ್ಲಾನನ್ನು ಯಾರಾದರೂ "ಏನ್ ಕೆಲಸ ಮಾಡ್ತೀಪಾ?" ಎಂದು ಕೇಳಿದರೆ ಅವನು ಅಂಗಿಯ ಕಾಲರ್ ಸರಿಮಾಡಿಕೊಂಡು "ಎಮ್ಮೆಲ್ಲೆ ಸಾಹೇಬ್ರ ಡ್ರೈವರ್" ಅನ್ನುತ್ತಿದ್ದ. ಪೂರ್ತಿ ಸುಳ್ಳೇನಲ್ಲ. ಶಾಸಕರು ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದರು, ಇವನು ಮುಂದೆ ಕೂತು ಓಡಿಸುತ್ತಿದ್ದ, ಗಾಜಿನ ಮೇಲೆ ಶಾಸಕರ ಪಾಸು ಅಂಟಿಸಿತ್ತು. ಆದರೆ ಆ ಬಿಳಿ ಗಾಡಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪ ಸಾವಕಾರರದು, ಡೀಸೆಲ್ಲೂ ಅವರದೇ. ಶನಿವಾರ ಸಂಜೆ ಸಮೀವುಲ್ಲಾ ಪಗಾರ ತೆಗೆದುಕೊಳ್ಳುತ್ತಿದ್ದದ್ದು ಸಾವಕಾರರ ಅಂಗಡಿಯ ಮುಂದೆ, ಹಮಾಲರ ಸಾಲಿನಲ್ಲಿ ನಿಂತು. ಹೀಗಾಗಿ ತಾನು ಯಾರ ಡ್ರೈವರ್ ಎಂಬ ಪ್ರಶ್ನೆಯನ್ನು ಶನಿವಾರ ಬಿಟ್ಟು ಉಳಿದ ದಿನಗಳಲ್ಲಿ ಅವನು ಹಾಕಿಕೊಳ್ಳುತ್ತಿರಲಿಲ್ಲ.

ಅವನ ಅಪ್ಪ ಅಲ್ಲಾವುದ್ದೀನ ಅದೇ ಅಂಗಡಿಯಲ್ಲಿ ಚೀಲ ಹೊತ್ತು ಬೆನ್ನು ಬಾಗಿಸಿಕೊಂಡವನು. ಮಗ ಒಂಬತ್ತನೆಯ ಇಯತ್ತೆಯ ಗಣಿತದಲ್ಲಿ ಎರಡು ಸಲ ಬಿದ್ದು, ಮೂರನೆಯ ಸಲ ಬೀಳುವ ಮೊದಲೇ ಸಾವಕಾರರ ಲಾರಿ ಹತ್ತಿದ. ಕ್ಲೀನರ್ ಆಗಿ ಮುಂಬೈ, ಗುಂಟೂರು ನೋಡಿದ. ಇಪ್ಪತ್ತೆರಡಕ್ಕೆ ಲೈಸೆನ್ಸ್ ಬಂತು. ಎರಡು ಸಾವಿರದ ಎಂಟರ ಚುನಾವಣೆ ಬಂದಾಗ ಸಾವಕಾರರು ತಮ್ಮ ಡ್ರೈವರುಗಳ ಪೈಕಿ ಇವನನ್ನೇ ಆರಿಸಿ, ಎರಡು ಜೋಡಿ ಬಿಳಿ ಅಂಗಿ ಹೊಲಿಸಿ ಕೊಟ್ಟರು. "ಈ ಹುಡುಗ ಮಾತಾಡೂದಿಲ್ಲ, ಛಲೋ ಐತಿ" ಅಂದರಂತೆ. ಮಾತಾಡದಿದ್ದದ್ದು ಗಾಂಭೀರ್ಯದಿಂದಲ್ಲ. ಮೆಣಸಿನಕಾಯಿಯ ಘಾಟು ವರ್ಷಗಟ್ಟಲೆ ಗಂಟಲಲ್ಲಿ ಕೂತು, ಬಾಯಿ ತೆರೆದರೆ ಕೆಮ್ಮು ಬರುತ್ತಿತ್ತು, ಅಷ್ಟೆ.

ಶಾಸಕರ ಹೆಸರು ವಿರೂಪಾಕ್ಷಪ್ಪ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವರು, ಊರಿನವರಿಗೆ ಈಗಲೂ ಮಾಸ್ತರ್ರೇ. ಅವರಿಗೆ ಒಳ್ಳೆಯ ಹೆಸರಿತ್ತು, ಬೇರೇನೂ ಇರಲಿಲ್ಲ. ಸಾವಕಾರರ ಬಳಿ ಬೇರೆ ಎಲ್ಲವೂ ಇತ್ತು. ಟಿಕೇಟಿನಿಂದ ಹಿಡಿದು ಕರಪತ್ರದ ಫೋಟೊಕ್ಕೆ ತೊಟ್ಟ ಅಂಗಿಯವರೆಗೆ ಸಾವಕಾರರೇ ಪೂರೈಸಿದರು. ಗೆದ್ದ ಮೇಲೆ ಸಾವಕಾರರ ಸೋದರಳಿಯ ಆಪ್ತ ಸಹಾಯಕನಾಗಿ ಬಂದ, ಗಾಡಿ ಮತ್ತು ಸಮೀವುಲ್ಲಾ ಶಾಸಕರ ಬಳಿಯೇ ಉಳಿದರು.

ಗಾಡಿಗೆ ಎರಡು ಕಟ್ಟಳೆಗಳಿದ್ದವು. ಒಂದು, ಅದನ್ನು ಅಮಾವಾಸ್ಯೆಗೆ ಮಾತ್ರ ತೊಳೆಯಬೇಕು. ಅಂದು ಸಾವಕಾರರ ಹೆಂಡತಿ ಗದಿಗೆವ್ವ ಆರತಿ ಎತ್ತಿ, ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು. ನಡುವೆ ತೊಳೆಯುವಂತಿಲ್ಲ. "ಧೂಳ ಇರಲಿ ಬಿಡಲೇ. ಮಂದಿ ನೋಡಿದ್ರ, ನಮ್ಮ ಸಾಹೇಬ್ರು ಹಳ್ಳಿ ಹಳ್ಳಿ ತಿರಗ್ತಾರ ಅನ್ಬೇಕು" ಎನ್ನುವುದು ಸಾವಕಾರರ ಲೆಕ್ಕ. ಎರಡನೆಯದು, ದಿನಾ ಸಂಜೆ ಗಾಡಿಯನ್ನು ಬ್ಯಾಡಗಿಗೆ ತಂದು ನಿಲ್ಲಿಸಬೇಕು, ಕೀಲಿ ಕೊಡುವಾಗ ವರದಿ ಒಪ್ಪಿಸಬೇಕು. ಸಾವಕಾರರು ಅದನ್ನು ವರದಿ ಎಂದು ಕರೆಯುತ್ತಿರಲಿಲ್ಲ.

"ಇವತ್ತ ಮಾಸ್ತರ್ರು ಎಲ್ಲೆಲ್ಲಿ ಚಾ ಕುಡದ್ರು?" ಎಂದಷ್ಟೇ ಕೇಳುತ್ತಿದ್ದರು.

"ಐರಣಿಯಾಗ ಒಂದು ರಿ, ರಾಣೆಬೆನ್ನೂರಾಗ ಎರಡು."

"ರಾಣೆಬೆನ್ನೂರಾಗ ಯಾರ ಮನ್ಯಾಗ?"

ಇವನು ಹೇಳುತ್ತಿದ್ದ. ಸಾವಕಾರರು ಒಂದು ಮೆಣಸಿನಕಾಯಿ ಎತ್ತಿ, ಬೀಜ ಅಲ್ಲಾಡುವ ಸಪ್ಪಳವನ್ನು ಕಿವಿ ಹತ್ತಿರ ಹಿಡಿದು ಕೇಳುತ್ತ ತಲೆದೂಗುತ್ತಿದ್ದರು. ಅವರ ಕಣ್ಣು, ಕಿವಿ ಎರಡೂ ಚುರುಕು. ಮಾಲು ತಂದ ರೈತನ ಕಾಲಿಗೆ ಹತ್ತಿದ ಮಣ್ಣು ನೋಡಿಯೇ ಅವನ ಊರು ಹೇಳಿಬಿಡುತ್ತಿದ್ದರು. ಮಾರ್ಕೆಟ್ಟಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಇನ್ನು ಸಿಮ್ರಾನಳ ವಿಷಯ. ಅಮಾವಾಸ್ಯೆಯ ನಿಂಬೆಹಣ್ಣು ಬ್ಯಾಡಗಿಯಲ್ಲೂ ಸಿಗುತ್ತಿದ್ದವು, ಆದರೆ ಸಿಮ್ರಾನ ಸಿಗುತ್ತಿರಲಿಲ್ಲ. ರಾಣೆಬೆನ್ನೂರಿನ ಹಳೇ ಸಂತೆಬಯಲಿನಲ್ಲಿ ಅವಳ ತಾಯಿ ಮೈಮುನಾಬಿ ನಿಂಬೆಹಣ್ಣು, ಶುಂಠಿ, ಬಳ್ಳೊಳ್ಳಿ ಹರವಿಕೊಂಡು ಕೂಡುತ್ತಿದ್ದಳು. ಮಗಳು ಮಧ್ಯಾಹ್ನ ಬುತ್ತಿ ತರುತ್ತಿದ್ದಳು. ನಾಲ್ಕು ನಿಂಬೆಹಣ್ಣಿಗೆ ಇಪ್ಪತ್ತು ನಿಮಿಷ ಚೌಕಾಶಿ ಮಾಡುವ ಈ ಬಿಳಿ ಅಂಗಿಯವನ ಉದ್ದೇಶ ಮೈಮುನಾಬಿಗೆ ಎರಡನೆಯ ಅಮಾವಾಸ್ಯೆಗೇ ತಿಳಿಯಿತು. ಮೂರನೆಯದಕ್ಕೆ ಇವನ ತಾಯಿ ರಸೂಲಬಿ ಇವನನ್ನೂ ಕರೆದುಕೊಂಡು ಹೋಗಿ ಮಾತಾಡಿ ಬಂದಳು.

ಮೈಮುನಾಬಿಗೆ ಪ್ರೀತಿ ಬಂದರೆ ಉರ್ದು, ಸಿಟ್ಟು ಬಂದರೆ ಕನ್ನಡ. ಅಂದು ಎರಡಕ್ಕೂ ನಡುವೆ ನಿಂತು ಹೇಳಿದ್ದಳು: "ನೋಡ್ ಬೇಟಾ, ನಾ ಚಂದ ನೋಡಿ ಕೊಡಾಕತ್ತಿಲ್ಲ, ನಿನ್ನ ಮಾರಿ ನನಗೂ ಕಾಣಸ್ತೈತಿ. ಕಾಯಂ ಕೆಲಸ ಐತಿ ಅಂತ ಕೊಡಾಕತ್ತೇನಿ. ಕೆಲಸ ಹೋತೋ, ಮಾತೂ ಹೋತು."

ಸಮೀವುಲ್ಲಾ "ಆತ್ರಿ ಖಾಲಾ" ಅಂದಿದ್ದ. ಆ ದಿನದಿಂದ ಅವನಿಗೆ ನಿದ್ದೆಯಲ್ಲೂ ಸ್ಟೀರಿಂಗ್ ಕೈಯಿಂದ ಜಾರುತ್ತಿತ್ತು.

ಎರಡು ಸಾವಿರದ ಒಂಬತ್ತರ ಮಳೆಗಾಲ. ಸಾವಕಾರರ ಟ್ರಸ್ಟು ರಾಣೆಬೆನ್ನೂರಿನಲ್ಲಿ ಕಾಲೇಜು ಕಟ್ಟುವ ಸುದ್ದಿ ಹಬ್ಬಿತ್ತು. ಜಾಗ ಬೇರೆಲ್ಲೂ ಅಲ್ಲ, ಅದೇ ಹಳೇ ಸಂತೆಬಯಲು. ಅದು ಸರಕಾರದ ಜಾಗ. ಟ್ರಸ್ಟಿಗೆ ಕೊಡಲು ಶಾಸಕರ ಶಿಫಾರಸು ಪತ್ರ ಬೇಕಿತ್ತು. ಅಲ್ಲಿ ಕೂಡುವ ಹೆಂಗಸರು ಕರ್ಜಗಿಯ ವಕೀಲ ಅಂಜಿನಪ್ಪನವರನ್ನು ಹಿಡಿದು ಹಾವೇರಿ ಕೋರ್ಟಿಗೆ ಹೋಗಿದ್ದರು, ಆದರೆ ಕೈಯಲ್ಲಿ ಪುರಾವೆಯ ಒಂದು ಚೂರು ಕಾಗದವೂ ಇರಲಿಲ್ಲ. ಮೈಮುನಾಬಿ ಭಾವಿ ಅಳಿಯನಿಗೆ ದಿನಾ ಫೋನು ಹಚ್ಚುತ್ತಿದ್ದಳು. "ನಿಮ್ಮ ಸಾಹೇಬ್ರು ಸಹಿ ಮಾಡಿದ್ರೇನ?" ಇವನು "ಇನ್ನೂ ಇಲ್ರಿ" ಅನ್ನುತ್ತಿದ್ದ. ಅತ್ತಿತ್ತ ಎರಡೂ ಕಡೆ ವರದಿ ಕೊಡುವ ಡ್ರೈವರ್ ಜಿಲ್ಲೆಯಲ್ಲಿ ತಾನೊಬ್ಬನೇ ಇರಬೇಕು ಎಂದು ಅವನಿಗೆ ಅನಿಸುತ್ತಿತ್ತು.

ಒಂದು ಬುಧವಾರ ಶಾಸಕರು ಹಾವೇರಿಗೆ ಹೊರಟರು. ಅಂದು ಆಪ್ತ ಸಹಾಯಕನಿಗೆ ಜ್ವರ, ಗಾಡಿಯಲ್ಲಿ ಇಬ್ಬರೇ. ಹಾವೇರಿ ಹತ್ತಿರ ಬಂದಾಗ ಹಿಂದಿನಿಂದ ಮಾಸ್ತರ್ರ ದನಿ ಬಂತು.

"ಸಮೀವುಲ್ಲಾ, ಕರ್ಜಗಿ ಕಡೆ ತಿರುಗಿಸು."

"ಕರ್ಜಗಿಗಾ ಸರ್ರ? ಕಾರ್ಯಕ್ರಮದ ಪಟ್ಟಿಯಾಗ ಇಲ್ಲಲ್ರಿ."

"ಪಟ್ಟಿ ಯಾರದು, ನನ್ದೋ ನಿನ್ದೋ?"

ಎರಡೂ ಅಲ್ಲ, ಸಾವಕಾರರದು ಎಂದು ಇಬ್ಬರಿಗೂ ಗೊತ್ತಿತ್ತು. ಸಮೀವುಲ್ಲಾ ಗಾಡಿ ತಿರುಗಿಸಿದ. ಮಳೆ ನೆನೆಸಿದ ಎರೆಮಣ್ಣಿನ ದಾರಿ, ಗಾಲಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತಿತ್ತು. ಮಾಸ್ತರ್ರು ಎರಡು ಸಲ ಸೀನಿದರು. ಆ ಗಾಡಿಯ ಸೀಟಿನಲ್ಲೇ ಮೆಣಸಿನಕಾಯಿ ಇಳಿದಿತ್ತು, ಹತ್ತಿದವರೆಲ್ಲ ಸೀನುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, "ನಿಮ್ಮ ಅತ್ತಿ ಆಗೂವಾಕಿ ಆ ಸಂತಿಬಯಲಾಗ ಕುಂದರ್ತಾಳಲ್ಲ? ಎಷ್ಟು ವರ್ಷ ಆತು?"

"ಹುಟ್ಟಿದಾಗಿಂದ ಅಂತ ಹೇಳ್ತಾರ್ರಿ. ಅವರವ್ವನೂ ಅಲ್ಲೇ ಕುಂದರ್ತಿದ್ಳಂತ." ಶಾಸಕರು ತನ್ನ ಮನೆಯ ಮಾತು ಕೇಳಿದರೆಂದು ಸಮೀವುಲ್ಲಾನ ಎದೆ ಉಬ್ಬಿತು. ತಾನು ಎಂಥ ಹೆಡ್ಡ ಎಂಬುದು ತಿಳಿಯಲು ಅವನಿಗೆ ಇನ್ನೂ ನಾಲ್ಕು ತಾಸು ಬೇಕಿತ್ತು.

ಅಂಜಿನಪ್ಪನವರ ಮನೆಗೆ ಇನ್ನೊಂದು ಓಣಿ ಇರುವಾಗಲೇ ಮಾಸ್ತರ್ರು ಗಾಡಿ ನಿಲ್ಲಿಸಲು ಹೇಳಿ ಒಂದು ಲಕೋಟೆ ಮುಂದೆ ಚಾಚಿದರು. "ಇದನ್ನ ವಕೀಲರ ಕೈಯಾಗ ಕೊಟ್ಟು ಬಾ. ನಾ ಇಳಿಯೂದಿಲ್ಲ, ಮಂದಿ ನೋಡ್ತಾರ. ಯಾರು ಕೊಟ್ರು ಅಂತ ಹೇಳಬ್ಯಾಡ."

ವಕೀಲರು ಅಂಗಳದಲ್ಲೇ ಲಕೋಟೆ ಒಡೆದರು. ಹಳದಿ ಬಣ್ಣಕ್ಕೆ ತಿರುಗಿದ ಒಂದು ಹಾಳೆ. ಓದುತ್ತ ಓದುತ್ತ ಅವರ ಕನ್ನಡಕ ಮೂಗಿನ ತುದಿಗೆ ಬಂತು.

"ತಮ್ಮಾ, ಇದು ಎಲ್ಲಿ ಸಿಕ್ತು? ನಲವತ್ತು ವರ್ಷದ ಹಿಂದಿನ ಸರಕಾರಿ ಠರಾವು! ಬಯಲು ಸಂತೀ ಮಂದಿಗೇ ಮೀಸಲು ಅಂತ ಬರದೈತಿ. ಇದು ಅಸಲಿ! ನಾಳೆನ ಹಾಕ್ತೇನಿ ಕೋರ್ಟಿಗೆ."

ಕಾಗದ ಎಲ್ಲಿತ್ತೆಂದು ಸಮೀವುಲ್ಲಾ ಊಹಿಸಿದ. ಸಹಿಗೆಂದು ಆಪ್ತ ಸಹಾಯಕ ಓದದೆಯೇ ತಂದಿಟ್ಟ ಜಾಗದ ಕಡತದೊಳಗೆ. ಮಾಸ್ತರ್ರು ಸಹಿ ಮಾಡುವ ಬದಲು ಅದನ್ನು ಎತ್ತಿಕೊಂಡಿದ್ದರು. ಅವನಿಗೆ ಓಡಿಹೋಗಿ ಅವರ ಕಾಲು ಮುಟ್ಟಬೇಕೆನಿಸಿತು. ಹಿಂದೆಯೇ ನೆನಪಾಯಿತು: ಸಂಜೆ ಚಹಾದ ಪ್ರಶ್ನೆ ಬರುತ್ತದಲ್ಲ?

ವಾಪಸು ಬರುವಾಗ ಮಾಸ್ತರ್ರೇ ಹೇಳಿದರು, "ಇವತ್ತ ಹಾವೇರಿಗೆ ಅಷ್ಟ ಹೋಗಿದ್ವಿ. ತಿಳೀತಿಲ್ಲೋ?"

"ತಿಳೀತ್ರಿ ಸರ್ರ."

ರಾತ್ರಿ ತಂಗಲು ಹಾವೇರಿಯ ಪ್ರವಾಸಿ ಮಂದಿರದಲ್ಲಿ ಅವರು ಇಳಿದರು. ಸಮೀವುಲ್ಲಾ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದ. ನಾಲ್ಕೂ ಗಾಲಿಗೆ ಕರ್ಜಗಿ ಮೆತ್ತಿತ್ತು. ಈ ಮಣ್ಣನ್ನು ಸಾವಕಾರರು ಅಂಗಡಿಯ ಕಟ್ಟೆಯ ಮೇಲಿಂದಲೇ ಓದಿಬಿಡುತ್ತಾರೆ. ಮೋಟೆಬೆನ್ನೂರು ಕ್ರಾಸಿನ ಹತ್ತಿರ ಗಾಡಿ ತೊಳೆಯುವವನ ಕೈಗೆ ಸ್ವಂತ ದುಡ್ಡು ಇಟ್ಟು, "ಲಗೂ ಲಗೂ" ಎಂದು ಅವಸರ ಮಾಡಿ, ಮೇಲೆ, ಕೆಳಗೆ ನೀರು ಹೊಡೆಸಿದ. ಗಾಡಿ ಮದುಮಗನ ಹಾಗೆ ಹೊಳೆಯಿತು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಸಿಳ್ಳು ಹಾಕುತ್ತ ಬ್ಯಾಡಗಿಗೆ ಬಂದ.

ಸಾವಕಾರರು ಕಟ್ಟೆಯ ಮೇಲೆ ಕೂತಿದ್ದರು. ಚಹಾ ತರಿಸಿ ಅವನಿಗೂ ಒಂದು ಕಪ್ಪು ಕೊಡಿಸಿದರು. ಅದು ಎಂದೂ ಇರದಿದ್ದ ರೂಢಿ.

"ಸಮ್ಯಾ, ಅಮಾಸಿ ಯಾವಾಗಲೇ?"

ಕಪ್ಪು ಅವನ ತುಟಿಯ ಹತ್ತಿರವೇ ನಿಂತಿತು. "ಇನ್ನೂ ಆರು ದಿನ ಐತ್ರಿ."

"ಮತ್ತ ಗಾಡಿ ಯಾಕ ತೊಳದಿ?"

ಒಂದು ವರ್ಷದಲ್ಲಿ ಒಮ್ಮೆಯೂ ಮುರಿಯದ ಕಟ್ಟಳೆಯನ್ನು ತಾನೇ ದುಡ್ಡು ಕೊಟ್ಟು ಮುರಿದು, ಮುರಿದದ್ದನ್ನು ಹೊಳೆಯಿಸಿ ತಂದು ನಿಲ್ಲಿಸಿದ್ದ. ಇದಕ್ಕಿಂತ ಮಣ್ಣೇ ಮೇಲಿತ್ತು. "ಹಕ್ಕಿ ಹೇತಿತ್ತು ರಿ" ಅಂದ.

"ನಾಲ್ಕೂ ಗಾಲಿಗೆ?"

ಸಾವಕಾರರು ಎದ್ದು ಬಂದರು. ಮುಂದಿನ ಗಾಲಿಯ ಮೇಲಿನ ತಗಡಿನೊಳಗೆ ಬೆರಳು ಹಾಕಿ, ನೀರು ಮುಟ್ಟದ ಮೂಲೆಯಿಂದ ಕಪ್ಪು ಮಣ್ಣು ತೆಗೆದು, ಹಿಟ್ಟಿನ ಹದ ನೋಡುವಂತೆ ತಿಕ್ಕಿದರು. "ಎರಿ. ಹಾವೇರಿ ಡಾಂಬರ್ ರಸ್ತೆದಾಗ ಇದು ಬೆಳೀತೈತೇನ?" ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. "ಹೆದರಬ್ಯಾಡ. ಇದನ್ನ ನೋಡಿ ನಾ ಕೇಳಾಕತ್ತಿಲ್ಲ. ಮಾಸ್ತರ್ರ ಫೋನ್ ಬಂದಿತ್ತು. ನನ್ನ ಕಡತದಾಗಿನ ಕಾಗದ ನೀ ಕದ್ದೀಯಂತ. ಅತ್ತಿ ಸಲುವಾಗಿ ವಕೀಲರಿಗೆ ಕೊಟ್ಟೀಯಂತ. ಖರೇ ಏನ?"

ಸಮೀವುಲ್ಲಾನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕೆಮ್ಮು ಬಂತು. ಪ್ರವಾಸಿ ಮಂದಿರದ ಮೆಟ್ಟಿಲು ಹತ್ತುತ್ತಲೇ ಮಾಸ್ತರ್ರ ಧೈರ್ಯ ಇಳಿದಿರಬೇಕು. ಡ್ರೈವರ್ ಹೇಳುವ ಮೊದಲೇ ತಾವು ಹೇಳಿಬಿಟ್ಟಿದ್ದರು.

"ಸುಳ್ಳ್ ರಿ ಸಾವಕಾರ್ರ! ಲಕೋಟೆ ಸರ್ರ ಕೊಟ್ಟಾರ್ರಿ. ಅವರು ಗಾಡ್ಯಾಗ ಕುಂತಿದ್ರು, ನಾ ಒಯ್ದು ಕೊಟ್ಟೆ ಅಷ್ಟ. ಒಳಗ ಏನೈತಿ ಅಂತನೂ—"

"ಗೊತ್ತೈತಿ," ಎಂದರು ಸಾವಕಾರರು ತಣ್ಣಗೆ. "ಮಾಸ್ತರ್ರು ಸುಳ್ಳು ಹೇಳ್ಯಾರಂತ ನನಗೂ ಗೊತ್ತೈತಿ. ಆದ್ರ ನೋಡು, ಮಾಸ್ತರ್ರನ್ನ ತಗೀಬೇಕಂದ್ರ ನಾ ನಾಲ್ಕು ವರ್ಷ ಕಾಯಬೇಕು. ನಿನ್ನ ತಗೀಬೇಕಂದ್ರ ನಾಳಿ ಮುಂಜಾನಿತನಕ ಅಷ್ಟ."

ಕೀಲಿ ತೆಗೆದುಕೊಂಡು ಜೇಬಿಗಿಟ್ಟರು. ಆಮೇಲೆ ದಾರಿ ತಾವೇ ತೋರಿಸಿದರು. ವಕೀಲರು ಇವನನ್ನು ನಂಬಿದ್ದಾರೆ. ನಾಳೆ ಹನ್ನೆರಡರೊಳಗೆ, ಕೋರ್ಟಿಗೆ ಹಾಕುವ ಮೊದಲು, ಏನಾದರೂ ಹೇಳಿ ಕಾಗದ ವಾಪಸು ತಂದರೆ ಕೆಲಸ ಉಳಿಯುತ್ತದೆ. "ನಿಕಾಕ್ಕ ಗಾಡಿನೂ ಕೊಡ್ತೇನಿ. ಆ ದಿನ ಬೇಕಾರ ತೊಳಿ."

ಮರುದಿನ ಸಮೀವುಲ್ಲಾ ಬಸ್ಸಿನಲ್ಲಿ ಹಾವೇರಿಗೆ ಹೋದ. ಗಾಡಿಯಿಲ್ಲದೆ ಅವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ದಾರಿಯುದ್ದಕ್ಕೂ ಸುಳ್ಳು ಹೊಂದಿಸಿದ. ಖಾಲಾ ನೋಡಬೇಕಂತಾರ ಅನ್ನಲೇ? ಅದರ ಮೇಲೆ ಒಂದು ಸಹಿ ಉಳಿದೈತಿ ಅನ್ನಲೇ? ಒಂದೂ ಗಟ್ಟಿ ನಿಲ್ಲಲಿಲ್ಲ. ಕಡೆಗೆ ಸುಳ್ಳು ಬೇಕಾಗಲೇ ಇಲ್ಲ. ಕೋರ್ಟಿನ ಆವರಣದಲ್ಲಿ ಅಂಜಿನಪ್ಪನವರು ಅವನನ್ನು ಕಂಡದ್ದೇ ತಡ, ಲಕೋಟೆ ಕೈಗೆ ತುರುಕಿದರು.

"ಬಂದ್ಯಾ? ಛಲೋ ಆತು ನೋಡು! ಲಗೂನ ಹೋಗಿ ಇದರದು ಮೂರು ಝೆರಾಕ್ಸ್ ತಗೊಂಡು ಬಾ ತಮ್ಮಾ. ಜ್ವಾಕಿ, ಹರದೀತು. ನಮ್ಮ ಕಡೆ ಇರೂದು ಇದೊಂದ."

ಝೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. "ಹನ್ನೊಂದೂವರಿಗೆ ಬರತೈತಿ, ಕುಂದ್ರಿ" ಅಂದ ಅಂಗಡಿಯವ. ಗಂಟೆ ಹನ್ನೊಂದು. ರಸ್ತೆಯಾಚೆ ಬ್ಯಾಡಗಿ ಬಸ್ಸು ಎಂಜಿನ್ ಚಾಲೂ ಇಟ್ಟುಕೊಂಡು ಜನ ಕರೆಯುತ್ತಿತ್ತು. ಸಮೀವುಲ್ಲಾ ಸ್ಟೂಲಿನ ಮೇಲೆ ಕೂತ. ಅಂಗೈ ಬೆವೆತು ಲಕೋಟೆಗೆ ಕಲೆ ಬೀಳುತ್ತದೆಂದು ಅದನ್ನು ತೊಡೆಯ ಮೇಲಿಟ್ಟ, ಗಾಳಿಗೆ ಹಾರುತ್ತದೆಂದು ಮತ್ತೆ ಕೈಗೆತ್ತಿಕೊಂಡ. ಸುಮ್ಮನಿರಲಾರದೆ ಹಾಳೆ ತೆಗೆದು ಓದಿದ. ಠರಾವಿನ ಕೆಳಗೆ ಬಯಲಿನಲ್ಲಿ ಕೂಡುವವರ ಪಟ್ಟಿ, ಒಟ್ಟು ಮೂವತ್ತೆರಡು. ಗೋಣೆಪ್ಪ, ಕುಂಬಾರ. ಯಾರೋ ಬಳೆಗಾರ, ಯಾರೋ ಹಗ್ಗದವನು. ಇಪ್ಪತ್ತೇಳನೆಯ ಸಾಲಿನಲ್ಲಿ ಹೆಸರೇ ಇಲ್ಲ. "ಬಳ್ಳೊಳ್ಳಿ ಮಾರುವ ಹೆಂಗಸು" ಎಂದಷ್ಟೇ ಬರೆದು, ಎದುರಿಗೆ ಹೆಬ್ಬೆಟ್ಟು ಒತ್ತಿಸಿದ್ದರು. ಮೈಮುನಾಬಿಯ ಅವ್ವನೇ ಇರಬೇಕು, ಬರೆದವನಿಗೆ ಹೆಸರು ಕೇಳುವಷ್ಟು ಪುರಸೊತ್ತು ಇರಲಿಲ್ಲವೇನೋ.

ಫೋನು ಬಡಿದುಕೊಂಡಿತು. ಸಾವಕಾರರು.

"ಸಿಕ್ತೇನ?"

"ಕೈಯಾಗ ಐತ್ರಿ," ಎಂದ. ಸುಳ್ಳು ಹೇಳಬೇಕಾದಾಗಲೇ ಅವನ ಬಾಯಿಂದ ಖರೇ ಬೀಳುತ್ತಿತ್ತು.

"ಶಹಬ್ಬಾಸ್! ಬಸ್ ಹತ್ತು."

ಬಸ್ಸು ಹಾರ್ನ್ ಹಾಕಿತು. ಸಮೀವುಲ್ಲಾ ಎದ್ದು ನಿಂತ. ಹತ್ತು ಹೆಜ್ಜೆ ದಾಟಿದರೆ ಕೆಲಸ, ನಿಕಾ, ಬಿಳಿ ಅಂಗಿ ಎಲ್ಲವೂ ಇದ್ದಲ್ಲಿಯೇ ಇರುತ್ತಿದ್ದವು. ಆದರೆ ಮೈಮುನಾಬಿ ಇದ್ದಲ್ಲಿ ಇರುತ್ತಿರಲಿಲ್ಲ. ಬಯಲು ಬಿಟ್ಟೆದ್ದ ಆ ಹೆಂಗಸಿನ ಮನೆಯಲ್ಲಿ ಇನ್ನು ನಲವತ್ತು ವರ್ಷ ಅಳಿಯನಾಗಿ ಕೂತು, ಅವಳು ಬಡಿಸಿದ್ದನ್ನು ಉಣ್ಣಬೇಕು. ಗೊತ್ತಾದರೆ ಕೊಲ್ಲುತ್ತಾಳೆ. ಗೊತ್ತಾಗದಿದ್ದರೆ "ನನ್ನ ಅಳಿಯ ಭಾಳ ಛಲೋ" ಎಂದು ಓಣಿಗೆಲ್ಲ ಹೇಳುತ್ತಾಳೆ. ಎರಡನೆಯದೇ ಅವನನ್ನು ಹೆಚ್ಚು ಹೆದರಿಸಿತು. ಅದನ್ನು ಯಾರಾದರೂ ಧೈರ್ಯ ಅಂದಿದ್ದರೆ ಅವನಿಗೇ ನಗು ಬರುತ್ತಿತ್ತು. ಬಸ್ಸು ಹೋಯಿತು, ಅವನು ಮತ್ತೆ ಸ್ಟೂಲಿನ ಮೇಲೆ ಕೂತ.

ಹನ್ನೊಂದು ನಲವತ್ತಕ್ಕೆ ಕರೆಂಟ್ ಬಂತು. ಮೂರು ಪ್ರತಿ ಮಾಡಿಸಿ, ಅಸಲಿನ ಸಮೇತ ವಕೀಲರ ಕೈಗೆ ಕೊಟ್ಟು, ಕೋರ್ಟಿನ ಬೇವಿನ ಗಿಡದ ಕೆಳಗೆ ನಿಂತು ಸಾವಕಾರರಿಗೆ ಫೋನು ಮಾಡಿದ.

"ಸಾವಕಾರ್ರ... ಕಾಗದ ಒಳಗ ಹೋತ್ರಿ."

ಆಚೆ ಕಡೆ ತಕ್ಕಡಿಯ ಸಪ್ಪಳ ಕೇಳಿಸಿತು. ಬೈಗುಳಕ್ಕೆ ತಯಾರಾಗಿ ಅವನು ಫೋನನ್ನು ಕಿವಿಯಿಂದ ತುಸು ದೂರ ಹಿಡಿದ.

"ಅಂಗಿ ಒಗದು ಕೊಡು," ಎಂದರು ಸಾವಕಾರರು. "ಇಸ್ತ್ರಿ ಮಾಡಿಸಿ."

ಮೂರು ಗಂಟೆಗೆ ಅಂಜಿನಪ್ಪನವರು ಹೊರಗೆ ಬಂದು ತಡೆಯಾಜ್ಞೆ ಸಿಕ್ಕಿತೆಂದರು. ಎಂಟು ವಾರ ಬಯಲನ್ನು ಯಾರೂ ಮುಟ್ಟುವಂತಿಲ್ಲ, ಆಮೇಲೆ ವಿಚಾರಣೆ. ಸಮೀವುಲ್ಲಾ ರಾಣೆಬೆನ್ನೂರಿನ ಬಸ್ಸು ಹತ್ತಿದ. ಹೆದ್ದಾರಿಯಲ್ಲಿ ಬಿಳಿ ಗಾಡಿ ಬಸ್ಸನ್ನು ಹಿಂದೆ ಹಾಕಿ ಹೋಯಿತು. ಸ್ಟೀರಿಂಗಿನ ಮುಂದೆ ಯಾರೋ ಹೊಸಬ. ಹಿಂದೆ ಮಾಸ್ತರ್ರು ಕರವಸ್ತ್ರದಲ್ಲಿ ಮೂಗು ಹಿಡಿದುಕೊಂಡು ಕೂತಿದ್ದರು. ಸಮೀವುಲ್ಲಾನಿಗೆ ಸಿಟ್ಟು ಬರಬೇಕಿತ್ತು. ಹೊಸಬ ಮೂರನೆಯ ಗೇರಿನಲ್ಲಿ ಹೆಚ್ಚು ಹೊತ್ತು ಎಳೆಯುತ್ತಾನೆ ಎಂಬುದಷ್ಟೇ ತಲೆಗೆ ಬಂತು.

ಮೈಮುನಾಬಿಗೆ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಬಯಲಿನ ಹೆಂಗಸರು ಒಬ್ಬರಿಗೊಬ್ಬರು ಬೆಲ್ಲ ಹಂಚುತ್ತಿದ್ದರು. ಅವನನ್ನು ಕಂಡದ್ದೇ ಅವಳು ಒಂದು ತುಂಡು ಬಾಯಿಗೆ ತುರುಕಿ ಉರ್ದುವಿನಲ್ಲಿ ಹರಸಿದಳು. ಅದನ್ನು ನುಂಗುವವರೆಗೆ ಅವನು ಕಾದ.

"ಖಾಲಾ, ನನ್ನ ಕೆಲಸ ಹೋತ್ರಿ."

ಮೈಮುನಾಬಿ ಅವನ ಮುಖ ನೋಡಿದಳು. ಆಮೇಲೆ ಕನ್ನಡಕ್ಕೆ ತಿರುಗಿದಳು. "ಯಾಕ? ಏನ್ ಮಾಡಿದಿ?"

ಅವನು ಹೇಳಿದ, ಕರ್ಜಗಿಯಿಂದ ಝೆರಾಕ್ಸ್ ಅಂಗಡಿಯವರೆಗೆ ಏನನ್ನೂ ಬಿಡದೆ. ಬಸ್ಸಿಗೆಂದು ಎದ್ದು ನಿಂತದ್ದನ್ನೂ ಬಿಡಲಿಲ್ಲ. ಬುತ್ತಿಗಂಟು ಕಟ್ಟುತ್ತಿದ್ದ ಸಿಮ್ರಾನಳ ಕೈ ನಿಂತಿತ್ತು. ಮೈಮುನಾಬಿ ಶುಂಠಿಯ ಮೇಲೆ ಕೂತ ನೊಣ ಹೊಡೆಯುತ್ತ ಕೇಳಿದಳು.

"ಎದ್ದು ನಿಂತಿದ್ಯಾ?"

"ನಿಂತಿದ್ದೆ ರಿ."

"ಹತ್ತಲಿಲ್ಲ?"

"ಇಲ್ರಿ."

ಅವಳು ತಕ್ಕಡಿಯನ್ನು ಮಗ್ಗುಲಿಗೆ ಸರಿಸಿದಳು. "ಕೆಲಸ ಇಲ್ಲದವಗ ಮಗಳನ್ನ ಕೊಡೂದಿಲ್ಲ ಅಂದಿದ್ದೆ. ಈಗೂ ಅದನ್ನ ಅಂತೇನಿ."

ಸಮೀವುಲ್ಲಾ ತಲೆ ತಗ್ಗಿಸಿದ.

"ವಕೀಲ್ರು ನಮಗ ಎಷ್ಟು ದಿನ ತಂದಾರ?"

"ಎಂಟು ವಾರ ರಿ."

"ಹಂಗಾರ ನಿನಗೂ ಅಷ್ಟ. ಅಷ್ಟರಾಗ ಯಾವುದಾರ ಗಾಡಿ ಹುಡುಕ್ಕೋ. ಸಾವಕಾರ್ರದ್ದು ಆಗಿರಬಾರದು."

ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಈ ಮೂರೂ ಊರಲ್ಲಿ ಸಾವಕಾರರದ್ದಲ್ಲದ, ಸಾವಕಾರರ ಬೀಗರದ್ದಲ್ಲದ, ಅವರ ಮಾತು ಮೀರುವ ಗಾಡಿ ಯಾರ ಹತ್ತಿರ ಇದೆ ಎಂದು ಸಮೀವುಲ್ಲಾ ಅಲ್ಲಿಯೇ ನಿಂತು ಎಣಿಸತೊಡಗಿದ. ಮೂರು ಗಾಲಿಯ ಒಂದು ಟಂಟಂ ನೆನಪಿಗೆ ಬಂತು. ಅದರ ಮಾಲಕ ಬದುಕಿದ್ದಾನೋ ಇಲ್ಲವೋ ಖಾತ್ರಿ ಇರಲಿಲ್ಲ. ಸಿಮ್ರಾನ ಬುತ್ತಿಗಂಟು ಬಿಚ್ಚಿ, ಅರ್ಧ ರೊಟ್ಟಿ ಅವನ ಕಡೆ ಚಾಚಿದಳು.